ಮರಡಿ ಹೊಲದ ಎಡಸುತ್ತು

ನಮ್ಮೂರಿಂದ, ಉಟ್ಕೂರ್ ಮಂಡಲ
13-8-2018, ಶ್ರಾವಣದ ಮೊದಲ ಸೋಮವಾರ

ತಮ್ಮ ಸಿದ್ದರಾಮೇಶನಿಗೆ ಅಕ್ಕ ಚನ್ನವೀರಮ್ಮ ಹರಸಿ ಬರೆಯುವುದು.

ಇವತ್ತು ಉಪವಾಸ. ಬೆಳಗಿನಿಂದ ಬಾಯಿಗೆ ನೀರು ಮಾತ್ರ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ, ಅತ್ತೆಯವರಿಗೂ ನಮ್ಮ ಹೊಲ ಮಾಡುವ ಹಂಪಣ್ಣನಿಗೂ ರೊಟ್ಟಿ ತಟ್ಟಿ, ಮರಡಿ ಹೊಲಕ್ಕೆ ಹೋಗಿ ನಿನ್ನ ಭಾವನ ಸಮಾಧಿಗೆ ಪತ್ರಿ ಏರಿಸಿ ಬಂದು ಈಗ ಕುಳಿತಿದ್ದೇನೆ. ಕಾಲು ಚಾಚಿದರೆ ಮಡಚಲಿಕ್ಕೆ ಆಗುವುದಿಲ್ಲ, ಮಡಚಿದರೆ ಚಾಚಲಿಕ್ಕೆ ಆಗುವುದಿಲ್ಲ.

ನಿನ್ನ ನಕ್ಷೆ ಬಂದು ತಲುಪಿತು. ಫೋನ್ ಮಾಡಬೇಡ ಎಂದು ಮತ್ತೆ ಹೇಳುತ್ತೇನೆ. ಕಿವಿಗೆ ಬಾಯಿಟ್ಟು ಕೂಗಿದರೆ ನನಗೆ ಕೇಳುತ್ತದೆ; ಫೋನಿನಲ್ಲಿ ಗುಂಯ್ ಎನ್ನುವುದೊಂದೇ. ಕಾಗದವಾದರೆ ಎರಡು ಸಲ ಓದಬಹುದು.

ಇಷ್ಟು ವರ್ಷ ಕೊಯಮತ್ತೂರಿನ ರೇಸ್ ಗ್ಯಾರೇಜಿನಲ್ಲಿ ಬೇರೆಯವರ ಕಾರಿನ ಅಡಿಗೆ ಮಲಗಿದವನಿಗೆ ನಮ್ಮ ಸೀಮೆಯಲ್ಲಿ ತನ್ನದೇ ಒಂದು ಟ್ರ್ಯಾಕ್ ಆಗಲಿ ಎನಿಸುವುದು ನನಗೆ ತಿಳಿಯುತ್ತದೆ. ನಿಮ್ಮ ಧಣಿ ಬಂಡವಾಳ ಹಾಕುತ್ತಾರೆ, ಜಾಗ ಮಾತ್ರ ನೀನು ತೋರಿಸಬೇಕು ಎಂದು ಬರೆದಿದ್ದೀ. ಮಾಮೂಲಿ ಕಾರುಗಳನ್ನೇ ತಂದು, ಒಳಗೆ ಕಬ್ಬಿಣದ ಪಂಜರ ಕೂಡಿಸಿ, ಉದ್ದನೆಯ ಒಂದೇ ಸುತ್ತುದಾರಿಯಲ್ಲಿ ಓಡಿಸುವ ಆಟ ಎಂದು ಅತ್ತೆಯವರಿಗೆ ವಿವರಿಸಿದೆ.

"ಗೆದ್ದಾಂವ ಎಲ್ಲಿಗಿ ಹೋಗಿ ಮುಟ್ತಾನ?" ಎಂದು ಕೇಳಿದರು.

"ಎಲ್ಲಿಂದ ಹೊಂಟಿದ್ನೋ ಅಲ್ಲಿಗೇ ರೀ."

"ಹಂಗಾರ ಯಾಕ ಹೊಂಟ? ಅಲ್ಲೇ ಕುಂದ್ರಾಕ ಏನಾಗಿತ್ತು?"

ಆಮೇಲೆ ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸವತಿಕಾಯಿ ಚಲೋ ತೆಗದಾನ" ಎಂದರು.

ನೀನು ಹೇಳಿದಂತೆ ಹಂಪಣ್ಣನನ್ನು ಕರೆದುಕೊಂಡು ಜಾಗ ನೋಡಿ ಬಂದೆ. ಮಕ್ತಲ್ ಹತ್ತಿರ ರಸ್ತೆಗೆ ಹತ್ತಿದ್ದು ಎರೆಭೂಮಿ. ಬೇಸಿಗೆಯಲ್ಲಿ ಬಿರುಕಿನೊಳಗೆ ಮೊಣಕಾಲುದ್ದ ಕೋಲು ಇಳಿಯುತ್ತದೆ, ಮಳೆಗಾಲದಲ್ಲಿ ಖಾಲಿ ಬಂಡಿಯೂ ಹೂತುಹೋಗುತ್ತದೆ. ಗದ್ವಾಲದ ಕಡೆ ಹೊಳೆದಂಡೆ ನೋಡಿದೆ. ಮರಳು ನೆಲ, ಕಲ್ಲಂಗಡಿ ಬಳ್ಳಿಗೆ ಸರಿ. ಉಂಡವಳ್ಳಿಯಲ್ಲಿ ನೆಲ ಗಟ್ಟಿ, ದೊಡ್ಡ ಹೈವೇ ಹತ್ತಿರ. ಆದರೆ ಹೊಲದ ಯಜಮಾನ ನಕ್ಷೆ ನೋಡಿ ತೆಲುಗಿನಲ್ಲಿ ನಕ್ಕ: "ಕಾರಂಟೇ ಊರಿಕಿ ಪೋವಡಾನಿಕಿ ಕದಮ್ಮಾ! ಇಕ್ಕಡೇ ತಿರಗಡಾನಿಕಿ ಗಾನುಗೆದ್ದು ಚಾಲದಾ?" ಕಾರು ಇರುವುದು ಊರಿಗೆ ಹೋಗಲಿಕ್ಕೆ, ಇದ್ದಲ್ಲೇ ಸುತ್ತಲಿಕ್ಕೆ ಗಾಣದೆತ್ತು ಸಾಲದೇ ಎಂದು. ಹಂಪಣ್ಣನಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಬಸ್ಸಿನಲ್ಲಿ ಕುಳಿತು ಕುಳಿತು ಪಾದ ಊದಿದ್ದವು, ಸಿಟ್ಟಿಗೆ ತ್ರಾಣ ಉಳಿದಿರಲಿಲ್ಲ.

ನಾನು ನೋಡಿದ ಜಾಗ ಇಷ್ಟೇ. ಬೇರೆ ಯಾವುದೂ ನನಗೆ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ

•

ಕೊಯಮತ್ತೂರು
2-9-2018

ಅಕ್ಕನಿಗೆ ಸಿದ್ದುವಿನ ಶರಣು.

ನೀನು ಬರೆದ ಮೂರೂ ಜಾಗ ಬಿಟ್ಟೆ. ನೀನು ಬರೆಯದ ಒಂದು ಜಾಗವಿದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಮರಡಿ ಹೊಲ. ಸಣ್ಣ ಕಲ್ಲಿನ ಗರಸು ನೆಲ, ಬಿರಿಯುವುದಿಲ್ಲ, ನೀರು ನಿಲ್ಲುವುದಿಲ್ಲ. ನಾರಾಯಣಪೇಟೆಯವರೂ ಮಕ್ತಲಿನವರೂ ಸುಲಭವಾಗಿ ಬಂದು ಮುಟ್ಟಬಹುದು. ಎಷ್ಟೋ ವರ್ಷದಿಂದ ಅದರಲ್ಲಿ ನೀವು ಬಿತ್ತಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚು.

ನೀನು ಕೇಳುವ ಮೊದಲೇ ಹೇಳುತ್ತೇನೆ. ಭಾವನ ಸಮಾಧಿಯನ್ನು ಯಾರೂ ಮುಟ್ಟುವುದಿಲ್ಲ. ಸುತ್ತುದಾರಿಯ ನಡುವೆ ಬಯಲು ಇರಲೇಬೇಕು. ಸಮಾಧಿ, ಅದರ ಹತ್ತಿರದ ಬೇವಿನ ಮರ, ಎರಡೂ ಆ ಬಯಲಿನಲ್ಲಿ ಹಾಗೆಯೇ ಉಳಿಯುತ್ತವೆ. ಸೋಮವಾರ ನೀನು ಹೋಗಿ ಬರುವುದಕ್ಕೆ ಟ್ರ್ಯಾಕಿನ ಅಡಿಯಿಂದ ಒಂದು ಸಣ್ಣ ಸುರಂಗ ಬರೆದಿದ್ದೇನೆ. ಅದಕ್ಕೆ ಮೆಟ್ಟಿಲಿಲ್ಲ, ಇಳಿಜಾರು. ನಿನ್ನ ಮೊಣಕಾಲಿಗಾಗಿ.

ತಿರುವಿನಲ್ಲಿ ದಾರಿ ಯಾಕೆ ಓರೆಯಾಗಿದೆ ಎಂದು ಹಂಪಣ್ಣ ಕೇಳಬಹುದು. ಅಂಚು ಎತ್ತರವಿರುವ ಪರಾತದಲ್ಲಿ ಒಂದು ನಿಂಬೆಹಣ್ಣು ಇಟ್ಟು ಜೋರಾಗಿ ಸುತ್ತಿಸಿ ತೋರಿಸು. ಹಣ್ಣು ಅಂಚು ಹತ್ತುತ್ತದೆ, ಆಚೆ ಬೀಳುವುದಿಲ್ಲ. ಟ್ರ್ಯಾಕಿನ ಹೊರ ಅಂಚೂ ಹಾಗೆ ಎತ್ತರ ಇರಬೇಕು. ಬರಿಯ ಸಪಾಟು ತಟ್ಟೆಯಾದರೆ ಹಣ್ಣು ಅಡುಗೆಮನೆ ದಾಟುತ್ತದೆ.

ದೀಪಾವಳಿ ಮುಗಿದ ಮೇಲೆ ಧಣಿ ಜಾಗ ನೋಡಲು ಬರುತ್ತಾರೆ. ಅಷ್ಟರೊಳಗೆ ನಿನ್ನ ಹೂಂ ಬೇಕು. ಪಟ್ಟಾ ನಿನ್ನ ಹೆಸರಿನಲ್ಲಿದೆ, ನೀನು ಒಪ್ಪಿದರೆ ಮಾತ್ರ ಇದು. ನನಗೆ ನಲವತ್ತು ದಾಟಿತು ಅಕ್ಕ. ಮದುವೆ ಬೇಡವೆಂದೆ, ಮನೆ ಬೇಡವೆಂದೆ. ಇದೊಂದನ್ನು ಬೇಕು ಎನ್ನುತ್ತಿದ್ದೇನೆ.

ಸಿದ್ದು

•

ನಮ್ಮೂರಿಂದ
24-9-2018, ಸೋಮವಾರ

ಸಿದ್ದು,

ಸುರಂಗ ನೋಡಿ ಅತ್ತೆ ಇಡೀ ದಿನ ನಗುತ್ತಿದ್ದರು. "ಸೊಸಿಗೆ ಸುರಂಗ, ನನಗೇನು?" ಎಂದು. ನಾನು ನಗಲಿಲ್ಲ. ನನ್ನ ಮೊಣಕಾಲು ಒಬ್ಬನಿಗಾದರೂ ನೆನಪಿದೆಯಲ್ಲ ಎಂದು ಒಳಗೆ ಹೋಗಿ ಕುಳಿತೆ. ನಿಂಬೆಹಣ್ಣೂ ಸುತ್ತಿಸಿ ನೋಡಿದೆ. ನೀನು ಹೇಳಿದಂತೆಯೇ ಆಯಿತು.

ಆದರೆ ನಿನ್ನ ಹೊಸ ನಕ್ಷೆಯಲ್ಲಿ ದಾರಿಯುದ್ದಕ್ಕೂ ಬಾಣದ ಗುರುತು ಹಾಕಿದ್ದೀ. ಬೆರಳಿಟ್ಟು ಅವುಗಳ ಹಿಂದೆಯೇ ಹೋದೆ. ಅವು ಎಡಕ್ಕೆ ತಿರುಗುತ್ತವೆ. ಮತ್ತೆ ಎಡಕ್ಕೆ. ನಿನ್ನ ಭಾವ ಸದಾ ಆ ಕಾರುಗಳ ಎಡಗಡೆಗೆ ಬರುತ್ತಾರೆ. ತಪ್ಪಿ ಬರೆದೆಯೇನೋ ಎಂದು ಹಳೆಯ ನಕ್ಷೆ ತೆಗೆದು ನೋಡಿದೆ. ಅದರಲ್ಲಿಯೂ ಹಾಗೆಯೇ.

ದೇವರನ್ನಾಗಲಿ ಹಿರಿಯರನ್ನಾಗಲಿ ಬಲಗಡೆಗೆ ಇಟ್ಟುಕೊಂಡು ಸುತ್ತಬೇಕು. ಅದಕ್ಕೇ ಬಲ ಬರುವುದು ಎನ್ನುತ್ತೇವೆ. ಎಡಸುತ್ತು ಅಮಂಗಳದ ಸುತ್ತು. ಒಂಬತ್ತು ವರ್ಷದಿಂದ ಪ್ರತಿ ಸೋಮವಾರ ನಾನು ಅವರನ್ನು ಬಲ ಬರುತ್ತಿದ್ದೇನೆ. ಮಳೆಯಲ್ಲಿ ಬಂದಿದ್ದೇನೆ, ಜ್ವರದಲ್ಲಿ ಬಂದಿದ್ದೇನೆ. ನಾನು ಒಂಬತ್ತು ವರ್ಷ ಸುತ್ತಿದ ನೂಲನ್ನು ನಿನ್ನ ಕಾರುಗಳು ಒಂದೇ ಮಧ್ಯಾಹ್ನ ಬಿಚ್ಚಿ ಹಾಕುತ್ತವೆ.

ಸದ್ದಿನ ತಕರಾರು ನನಗಿಲ್ಲ, ದೇವರು ಅದನ್ನು ಮೊದಲೇ ಪರಿಹರಿಸಿದ್ದಾನೆ. ಧೂಳಿನ ತಕರಾರೂ ಇಲ್ಲ. ಬಾಣ ತಿರುಗಿಸು. ಬಲಕ್ಕೆ ಓಡುವುದಾದರೆ ನನ್ನದು ಹೂಂ. ಎಡಕ್ಕಾದರೆ ಇಲ್ಲ. ಇದರ ಮೇಲೆ ನನ್ನನ್ನು ಒಪ್ಪಿಸಲಿಕ್ಕೆ ಬರಬೇಡ, ವಾದ ಮಾಡುವಷ್ಟು ಶಕ್ತಿ ನನಗಿಲ್ಲ.

ಅಕ್ಕ

•

ಕೊಯಮತ್ತೂರು
20-10-2018

ಅಕ್ಕ,

ತಿರುಗಿಸಿದೆ.

ಬಾಣವೊಂದನ್ನೇ ತಿರುಗಿಸಿದರೆ ಆಗುವುದಿಲ್ಲ. ಕಾರು ಒಳಗೆ ಬರುವ ಬಾಗಿಲು, ಗಾಲಿ ಬದಲಿಸುವ ಜಾಗ, ಜನ ಕೂರುವ ಕಟ್ಟೆ, ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದಂತೆ ಮತ್ತೆ ಬರೆದೆ. ಈ ಆಟ ಎಲ್ಲಿ ಹುಟ್ಟಿತೋ ಅಲ್ಲಿ ಎಡಕ್ಕೇ ಓಡಿಸುತ್ತಾರೆ. ಆದರೆ ಅವರ ಕಾರಿನಲ್ಲಿ ಸ್ಟೇರಿಂಗ್ ಎಡಗಡೆ, ನಮ್ಮದರಲ್ಲಿ ಬಲಗಡೆ. ಬಲಕ್ಕೆ ಓಡಿಸಿದರೆ ನಮ್ಮ ಡ್ರೈವರ್ ಒಳಬದಿಗೆ ಬರುತ್ತಾನೆ. ಧಣಿಗೆ ಇದನ್ನೇ ಹೇಳುತ್ತೇನೆ. ಒಪ್ಪುತ್ತಾರೆ.

ಕಾರ್ತಿಕದಲ್ಲಿ ಬರುತ್ತೇವೆ. ಹಂಪಣ್ಣನಿಗೆ ಹೇಳಿ ಜಾಲಿಕಂಟಿ ಕಡಿಸಿಡು. ನೆಲ ಕಣ್ಣಿಗೆ ಬೀಳಲಿ.

ಸಿದ್ದು

•

ನಮ್ಮೂರಿಂದ
31-12-2018, ಸೋಮವಾರ

ಸಿದ್ದು,

ಕಾರ್ತಿಕ ಮುಗಿದು ಬಹಳ ದಿನವಾಯಿತು. ನಿನ್ನ ಕಾಗದವಿಲ್ಲ. ನಾನು ಹಾಕಿದ ಎರಡು ಕಾಗದ ತಲುಪಿದವೋ ಇಲ್ಲವೋ.

ಹಂಪಣ್ಣ ಜಾಲಿಕಂಟಿ ಎಲ್ಲ ಕಡಿದ. ಅಂಗೈ ತುಂಬ ಮುಳ್ಳು. ಹೊಲ ಈಗ ಬೋಳಿಸಿದ ತಲೆಯಂತೆ ಕಾಣುತ್ತದೆ. ಧಣಿಗೆಂದು ಚಹಾದ ಹೊಸ ಕಪ್ಪು, ಬಸಿ ತಂದಿದ್ದೆ. ಅತ್ತೆ ಅದರಲ್ಲೇ ಚಹಾ ಕುಡಿಯುತ್ತಾರೆ, "ಬರೋರು ಬರಲಿಲ್ಲ, ಇದ್ದೋರಾರ ಕುಡೀಲಿ" ಎಂದು. ಊರಲ್ಲಿ ಯಾರು ಎದುರಾದರೂ ಕಿವಿಗೆ ಬಾಯಿಟ್ಟು ಕೂಗುತ್ತಾರೆ: "ಯಾವಾಗ ಬರ್ತಾವ ಅವ್ವಾರೆ ಕಾರು?" ಎಲ್ಲ ಕೇಳಿಸುವವರಿಗೆ ಒಂದು ಮಾತು ಕೇಳದಂತೆ ಹೋಗುವುದು ಕಷ್ಟ. ನನಗೆ ಸುಲಭ.

ಧಣಿ ಬರದಿದ್ದರೆ ಬಿಡು. ನೀನು ಹೇಗಿದ್ದೀ, ಅಷ್ಟು ಬರೆ.

ಅಕ್ಕ

•

ಕೊಯಮತ್ತೂರು
20-2-2019

ಅಕ್ಕನಿಗೆ,

ಕೆಲಸ ಬಹಳ, ಅದಕ್ಕೆ ಬರೆಯಲಾಗಲಿಲ್ಲ. ಧಣಿ ಊರಲ್ಲಿಲ್ಲ. ಟ್ರ್ಯಾಕಿನ ಮಾತು ಸ್ವಲ್ಪ ಮುಂದೆ ಹೋಗಿದೆ. ನಾನು ಆರಾಮ. ಮೈಗೆ ಏನೂ ಆಗಿಲ್ಲ. ಬೆಳಿಗ್ಗೆ ಹೊಳೆಯ ಕಡೆಯಿಂದ ತಂಪು ಗಾಳಿ ಬರುತ್ತದೆ, ಆಗ ಚೆನ್ನಾಗಿ ನಿದ್ದೆ ಹತ್ತುತ್ತದೆ. ನಾರಾಯಣಪೇಟೆ ಜಿಲ್ಲೆಯಾಯಿತು ಎಂದು ಕೇಳಿದೆ. ಸಂತೋಷ. ಹೊಲ ಸುಮ್ಮನೆ ಇಡಬೇಡ, ಏನಾದರೂ ಬಿತ್ತಿಕೊಳ್ಳಿ.

ಸಿದ್ದು

•

ನಮ್ಮೂರಿಂದ
4-3-2019, ಶಿವರಾತ್ರಿ
(ಭೀಮಮ್ಮನ ಕೈಯಲ್ಲಿ ಕಳಿಸಿದ್ದು)

ಸಿದ್ದು,

ಇವತ್ತೂ ಉಪವಾಸ. ಹಸಿದವಳು ಬರೆಯುತ್ತಿದ್ದೇನೆ, ಮಾತು ಬಿರುಸಾದರೆ ತಾಳಿಕೊ.

ನಾರಾಯಣಪೇಟೆ ಜಿಲ್ಲೆಯಾದದ್ದು ನಿಜ. ಆಫೀಸಿನ ಬೋರ್ಡುಗಳಿಗೆ ಹೊಸ ಬಣ್ಣ. ನಮ್ಮೂರಿಗೆ ಬರುವ ಬಸ್ಸು ಹಳೆಯದೇ, ಅದೂ ದಿನ ಬಿಟ್ಟು ದಿನ. ಆ ಬಸ್ಸಿನಲ್ಲೇ ಮೊನ್ನೆ ಭೀಮಮ್ಮ ಬಂದಿದ್ದಳು. ನಿನಗೆ ನೆನಪಿದ್ದಾಳು, ನಾರಾಯಣಪೇಟೆಯ ಮಗ್ಗದ ಮನೆಯವಳು, ಸೀರೆ ಗಂಟು ಹೊತ್ತು ಗದ್ವಾಲಕ್ಕೆ ಹೋಗಿ ಬಂದು ಮಾಡುತ್ತಾಳೆ. ಗಂಟು ಇಳಿಸುವ ಮೊದಲೇ ನನ್ನ ಕಿವಿ ಹಿಡಿದಳು.

"ನಿನ್ನ ತಮ್ಮನ್ನ ನೋಡಿದ್ನೆವ್ವಾ ಗದ್ವಾಲದಾಗ! ಲಾರಿ ಗಾಲಿಗೆ ಪಂಚರ್ ಹಾಕಾಕತ್ತಾನ!"

"ಅಂವ ಕೊಯಮತ್ತೂರಾಗ ಅದಾನಲ್ಲ?" ಎಂದೆ.

"ಕೊಯಮತ್ತೂರೂ ಇಲ್ಲ, ಗಿಯಮತ್ತೂರೂ ಇಲ್ಲ. ದೀಪಾವಳಿ ಆದಾಗಿಂದ ಇಲ್ಲೇ ಅದಾನ. ಕಾಗದ ಅಲ್ಲಿ ಹಳೇ ದೋಸ್ತ್‌ಗ ಕಳಿಸಿ ಅಲ್ಲಿಂದ ಹಾಕಸ್ತಾನಂತ. ಅಕ್ಕಗ ಹೇಳಬ್ಯಾಡ ಭೀಮಮ್ಮ ಅಂತ ಕೈ ಮುಗದ. ಅದಕ್ಕ ಹೇಳಾಕ ಬಂದೀನಿ!"

ಏನಾಯಿತು ಎಂದು ಅವಳೇ ನಿನ್ನ ಬಾಯಿ ಬಿಡಿಸಿದ್ದಾಳೆ. ನಕ್ಷೆ ಬಿಡಿಸಿದಾಗ ಧಣಿಯ ಜೊತೆ ಬಂದವರು ಬಾಣ ನೋಡಿ ನಕ್ಕರಂತೆ. ಸ್ಟೇರಿಂಗಿನ ಮಾತು ಅವರ ಕಿವಿಗೆ ಹೋಗಲಿಲ್ಲವಂತೆ. "ಎಡಕ್ಕೆ ತಿರುಗಿಸು, ಸಹಿ ಮಾಡುತ್ತೇನೆ" ಎಂದರಂತೆ ಧಣಿ. ಅಲ್ಲಿ ನನ್ನ ಭಾವ ಮಲಗಿದ್ದಾರೆ, ಅಕ್ಕನಿಗೆ ಮಾತು ಕೊಟ್ಟಿದ್ದೇನೆ, ಬಲಕ್ಕಾದರೆ ಆಗಲಿ ಇಲ್ಲದಿದ್ದರೆ ಬೇಡ ಎಂದು ನೀನು ನಕ್ಷೆ ಸುತ್ತಿಕೊಂಡು ಎದ್ದೆಯಂತೆ. ಗ್ಯಾರೇಜನ್ನೂ ಬಿಟ್ಟೆಯಂತೆ.

ಎಡಕ್ಕೇ ಓಡಿಸಬೇಕೆಂದು ಅವರು ಹಟ ಹಿಡಿದಿದ್ದಾರೆ ಎಂದು ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು? ನಾನು ಇಲ್ಲ ಎನ್ನುತ್ತಿದ್ದೆನೋ ಏನೋ. ಆದರೆ ಕೇಳಬೇಕಿತ್ತು ನೀನು. ಹೊಳೆಯ ಆಚೆ ಕುಳಿತು ಕೊಯಮತ್ತೂರು ಎಂದು ಬರೆದೆಯಲ್ಲ, ಅದು ನನಗೆ ಬಹಳ ದೂರ ಎನಿಸಿತು.

ಜಾಗರಣೆ ಇದೆ, ಎಣ್ಣೆ ಬತ್ತಿ ನೋಡಬೇಕು.

ಅಕ್ಕ

•

ಗದ್ವಾಲ
28-4-2019

ಅಕ್ಕ,

ಭೀಮಮ್ಮನಿಗೆ ಹೇಳುವುದೂ ಡಂಗುರ ಸಾರುವುದೂ ಒಂದೇ ಎಂದು ಗೊತ್ತಿದ್ದೂ ಹೇಳಿದೆ. ಹೇಳಬೇಕೆನಿಸಿತ್ತೋ ಏನೋ.

ಇಲ್ಲಿ ರಸ್ತೆ ಬದಿಗೆ ಒಂದು ತಗಡಿನ ಶೆಡ್ಡು. ಲಾರಿಗಳು ಬರುತ್ತವೆ, ಗಾಳಿ ತುಂಬಿಸಿಕೊಂಡು ಹೋಗುತ್ತವೆ. ಯಾವುದೂ ತಿರುಗಿ ಬರುವುದಿಲ್ಲ. ನಕ್ಷೆಗಳನ್ನು ಟ್ಯೂಬಿನ ಡಬ್ಬಿಯ ಹಿಂದೆ ಸುತ್ತಿ ಇಟ್ಟಿದ್ದೇನೆ. ಮಾವಿನ ಲಾರಿಗಳ ಹಂಗಾಮು ಮುಗಿಯಲಿ, ಒಲೆಗೆ ಹಾಕುತ್ತೇನೆ.

ನಿನಗೆ ಮೊದಲಿನಿಂದಲೂ ಆ ಹೊಲ ಕೊಡಲು ಮನಸ್ಸಿರಲಿಲ್ಲ ಎಂದು ಈಗ ಅರ್ಥವಾಗಿದೆ. ನೇರ ಇಲ್ಲ ಎನ್ನಲಾರದೆ ಬಾಣದ ಮೇಲೆ ಹಾಕಿದೆ. ತಪ್ಪೇನಿಲ್ಲ. ಅದು ಭಾವನ ಜಾಗ, ನಾನು ಕೇಳಬಾರದಿತ್ತು. ಇನ್ನು ಆ ಮಾತು ಎತ್ತುವುದಿಲ್ಲ.

ಇಷ್ಟೊಂದು ಹತ್ತಿರ ಇದ್ದು ಸುಳ್ಳು ಬರೆದವನು ಈಗ ಮನೆಗೆ ಬಂದರೆ ಒಳಗೆ ಕರೆಯುತ್ತೀಯಾ? ಇದಕ್ಕೊಂದೇ ಉತ್ತರ ಬರೆ. ಬಾರದಿದ್ದರೆ ಬೇಡ ಎಂದು ತಿಳಿಯುತ್ತೇನೆ.

ಸಿದ್ದು

•

ನಮ್ಮೂರಿಂದ
10-6-2019, ಸೋಮವಾರ

ಸಿದ್ದು,

ಭೀಮಮ್ಮ ನಿನ್ನ ಕಾಗದವನ್ನು ಸೀರೆ ಗಂಟಿನಲ್ಲಿ ಮರೆತು, ಹದಿನೈದು ದಿನದ ಹಿಂದೆ ತಂದು ಕೊಟ್ಟಳು. ಅದಕ್ಕೇ ತಡ. ಬೇಡ ಎಂದು ತಿಳಿದುಕೊಂಡು ಮಲಗಿದ್ದರೆ ಎದ್ದು ಕೂತು ಓದು.

ನನಗೆ ಹೊಲ ಕೊಡಲು ಮನಸ್ಸಿರಲಿಲ್ಲ ಎಂದು ಬರೆದಿದ್ದೀ. ಮನಸ್ಸಿಲ್ಲದವಳು ಹಂಪಣ್ಣನ ಕೈಯಲ್ಲಿ ಮುಳ್ಳು ಚುಚ್ಚಿಸುತ್ತಿದ್ದಳೇ? ಬಾಣದ ಮಾತು ಬಾಣದ ಮಾತೇ. ಅದರ ಹಿಂದೆ ಬೇರೇನೂ ಇರಲಿಲ್ಲ. ನನ್ನ ಹತ್ತಿರ ಎರಡು ನಾಲಿಗೆ ಇಲ್ಲ, ಒಂದನ್ನು ಆಡಿಸುವುದೇ ಸಾಕಾಗಿದೆ.

ನಿನ್ನ ಕಾಗದ ಓದಿ ಅತ್ತೆಯವರಿಗೆ ಎಲ್ಲ ಹೇಳಿದೆ. ಎಡಸುತ್ತಿನ ಮಾತನ್ನು ಅವರಿಗೆ ಈವರೆಗೆ ಹೇಳಿರಲಿಲ್ಲ, ಹೆತ್ತ ತಾಯಿ ನೊಂದುಕೊಂಡಾರು ಎಂದು. ಅವರು ನನ್ನನ್ನೇ ಬೈದರು.

"ಕಣದಾಗ ನನ್ನ ಮಗ ಮೇಟಿ ಸುತ್ತ ಎತ್ತು ಯಾ ಕಡಿ ಹೊಡೀತಿದ್ದ?"

ಕಣದ ನಡುಗಂಬವನ್ನು ನೆನಸಿಕೊಂಡೆ. ತೆನೆಯ ಮೇಲೆ ಎತ್ತು ನಡೆಯುವುದು, ಅವುಗಳ ಹಿಂದೆ ಇವರು. ಆಗ ನನಗೆ ಕಿವಿಯೂ ಇತ್ತು, ಹಾಡೂ ಕೇಳುತ್ತಿತ್ತು. "ಎಡಕ್ಕ ರೀ" ಎಂದೆ.

"ಮೇಟಿಗೆ ಪೂಜಿ ಮಾಡಿ, ಕಾಯಿ ಒಡದು, ಆಮ್ಯಾಲ ಎಡಕ್ಕೇ ಹೊಡೀತಿದ್ದ. ದಿನಾ ಹೊಡೀತಿದ್ದ. ಯಾವ ದೇವ್ರು ಸಿಟ್ಟಾಗಿ ಎದ್ದು ಹ್ವಾದ? ಪೂಜಿ ಮಾಡೋ ಮುಂದ ಬಲಕ್ಕ ಹೋಗು, ದುಡಿಯೋ ಮುಂದ ಎತ್ತು ಹೆಂಗ ಹೋಗ್ತಾವ ಹಂಗ ಹೋಗು. ಆ ಹುಡುಗ ದುಡಿಯಾಕ ಕೇಳ್ಯಾನೋ ಪೂಜಿಗಿ ಕೇಳ್ಯಾನೋ?"

ಇಷ್ಟು ದಿನ ನನ್ನ ಕಣ್ಣೆದುರಿಗೇ ಇದ್ದ ಕಣ ನನಗೆ ಕಾಣಲಿಲ್ಲ.

ಮಳೆ ನಾಲ್ಕು ಹನಿ ಬಿತ್ತು. ತೊಗರಿ ಬಿತ್ತಲು ಹಂಪಣ್ಣ ಕೂರಿಗೆ ಕಟ್ಟಿದಾಗ ನಿನ್ನ ಸುರಂಗದ ನಕ್ಷೆ, ಎಡಕ್ಕೆ ಬಾಣವಿದ್ದದ್ದು, ಅವನ ಮುಂದೆ ಬಿಚ್ಚಿಟ್ಟೆ. ಸಮಾಧಿಯಿಂದ ಹಗ್ಗ ಹಿಡಿದು ಇಬ್ಬರೂ ಅಳೆದೆವು. ನಿನ್ನ ಸುತ್ತುದಾರಿಯನ್ನು ಬಿತ್ತದೆ ಬೀಳು ಬಿಟ್ಟು, ಒಳಗೂ ಹೊರಗೂ ತೊಗರಿ ಬಿತ್ತಿಸಿದೆ. "ಅವ್ವಾರೆ, ಊರಾಗ ನಗ್ತಾರ್ರೀ" ಎಂದ. "ನಗಲಿ, ನನಗೇನು ಕೇಳತೈತಿ?" ಎಂದೆ.

ಈಗಾಗಲೇ ಮೊಳಕೆ ಹಸಿರಾಗಿದೆ. ನಡುವೆ ಕೆಂಪು ಪಟ್ಟಿ, ದೂರದಿಂದ ಸೀರೆಯ ಅಂಚಿನಂತೆ ಕಾಣುತ್ತದೆ. ಸೌತೆಕಾಯಿ ಸ್ವಲ್ಪ ಸೊಟ್ಟಾಗಿದೆ. ಕ್ಷಮಿಸು.

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ, ಎಂದಿನಂತೆ ಅವರನ್ನು ಬಲ ಬಂದು, ಆಮೇಲೆ ಉಟ್ಕೂರಿನ ಶೇರ್ ಆಟೋದವನನ್ನು ನಿಲ್ಲಿಸಿದೆ.

"ಯಾ ಊರಿಗಿ ಅವ್ವಾ?"

"ಯಾ ಊರಿಗೂ ಅಲ್ಲ. ಈ ಹೊಲದಾಗ ಸುತ್ತು ಹಾಕು. ಎಡಕ್ಕ."

"ಮತ್ತ ಚಾರ್ಜು ಯಾ ಊರಿಂದು ತಗೊಳ್ಲಿ?"

ಅತ್ತೆಯವರೂ ಹತ್ತಿ ಕುಳಿತರು. ಹಂಪಣ್ಣ ಹಿಂದೆ ಜೋತುಬಿದ್ದ. ಆಟೋ ಹೊರಟಿತು. ಸದ್ದು ನನಗೆ ಕೇಳಲಿಲ್ಲ, ಆದರೆ ಹಲಗೆಯಿಂದ ಎದ್ದು ಬೆನ್ನಿನೊಳಗೆ ಬಂತು, ಮೊಣಕಾಲಿನೊಳಗೆ ಬಂತು. ಇಷ್ಟು ವರ್ಷ ನೀನು ಯಾವುದರ ಅಡಿಗೆ ಮಲಗಿದ್ದೆ ಎಂದು ಆಗ ತಿಳಿಯಿತು. ಬೇವಿನ ಮರ ನನ್ನ ಎಡಗಡೆಗೇ ತಿರುಗುತ್ತಿತ್ತು. ಹೆದರಿ ಕಣ್ಣು ಮುಚ್ಚಿದ್ದೆ, ಆಮೇಲೆ ತೆರೆದೆ. ಬೆಳಿಗ್ಗೆ ನಾನು ಹಚ್ಚಿದ ದೀಪ ಸಮಾಧಿಯ ಗೂಡಿನಲ್ಲಿ ಹಾಗೆಯೇ ಉರಿಯುತ್ತಿತ್ತು.

ಮೂಲೆಯ ತಿರುವಿನಲ್ಲಿ ಆಟೋ ಹೊರಕ್ಕೆ ವಾಲಿತು. ಒಂದು ಗಾಲಿ ಎದ್ದಿತು. ಆಟೋದವನು ದೇವರನ್ನು ಕರೆದ, ಅತ್ತೆ ನನ್ನ ಮೈಮೇಲೆ ಬಿದ್ದರು, ಹಂಪಣ್ಣ ತೊಗರಿಯಲ್ಲಿ ಬಿದ್ದ. ಯಾರಿಗೂ ಪೆಟ್ಟಾಗಲಿಲ್ಲ. ಅತ್ತೆ ಎದ್ದು ಕುಳಿತು ನನ್ನ ಕಿವಿ ಹಿಡಿದು, "ಇನ್ನೊಂದು ಸುತ್ತು ಹೊಡಿ ಅನ್ನು" ಎಂದರು. ನನಗೆ ಮಾತ್ರ ನಿನ್ನ ನಿಂಬೆಹಣ್ಣು ನೆನಪಾಯಿತು. ಹೊರ ಅಂಚು ಏರಿಸದೆ ಇದು ಬರಿಯ ತಟ್ಟೆ.

ಈಗ ಧಣಿ ಇಲ್ಲ, ಬಂಡವಾಳ ಇಲ್ಲ. ಪಂಜರದ ಕಾರುಗಳು ನಮ್ಮೂರಿಗೆ ಬರುತ್ತವೆ ಎಂದು ನಾನು ನಂಬಿ ಕುಳಿತಿಲ್ಲ. ನನಗೆ ದಣಿವಾಗಿದೆ, ದೊಡ್ಡದನ್ನು ನಂಬುವ ವಯಸ್ಸು ಹೋಯಿತು. ಆದರೆ ಆ ಪಟ್ಟಿಯ ಮೇಲೆ ನಾನು ಬದುಕಿರುವವರೆಗೆ ಯಾರೂ ಬಿತ್ತುವುದಿಲ್ಲ. ಆ ತಿರುವುಗಳಿಗೆ ಗರಸು ಏರಿಸಿ ಓರೆ ಮಾಡುವುದು ಹೇಗೆಂದು ನನಗೂ ಗೊತ್ತಿಲ್ಲ, ಹಂಪಣ್ಣನಿಗೂ ಗೊತ್ತಿಲ್ಲ. ನಕ್ಷೆಗಳನ್ನು ಒಲೆಗೆ ಹಾಕಿದ್ದರೆ ಇನ್ನೊಮ್ಮೆ ಬರೆ.

ಮನೆಗೆ ಬಂದರೆ ಒಳಗೆ ಕರೆಯುತ್ತೀಯಾ ಎಂದು ಕೇಳಿದ್ದೀ. ಅದಕ್ಕೆ ಉತ್ತರವನ್ನು ಬೇರೆ ಚೀಟಿಯಲ್ಲಿ ಬರೆದು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಭೀಮಮ್ಮನ ಕೈಯಲ್ಲಿ ಅದನ್ನು ಕೊಡುವುದಿಲ್ಲ, ಗದ್ವಾಲ ಮುಟ್ಟುವುದರೊಳಗೆ ಬಸ್ಸಿಗೆಲ್ಲ ಓದಿ ಹೇಳುತ್ತಾಳೆ. ಅಂಚೆಗೂ ಹಾಕುವುದಿಲ್ಲ. ಗದ್ವಾಲದಿಂದ ಮಕ್ತಲಿಗೆ ಬಸ್ಸಿದೆ, ಅಲ್ಲಿಂದ ಆಟೋ. ಯಾರನ್ನಾದರೂ ಕಳಿಸಿ ತರಿಸಿಕೊ. ಯಾರೂ ಸಿಗದಿದ್ದರೆ ನೀನೇ ಬಂದು ಒಯ್ಯಿ. ಸೋಮವಾರ ಬಿಟ್ಟು ಬಾ, ಅಂದು ಮನೆಯಲ್ಲಿ ಒಲೆ ತಡವಾಗಿ ಹತ್ತುತ್ತದೆ.

ಅಕ್ಕ